ಚಳಿಗಾಲದ ಕಡಲಿಗೆ ವೆಟ್‌ಸೂಟ್, ಮಾಸ್ಕ್, ಸ್ನಾರ್ಕಲ್ ಆರಿಸುವ ಬಗೆ

ಡಿಸೆಂಬರ್ ರಜೆ ಬಂತೆಂದರೆ ಬೆಳಗಾವಿಯವರು ಆಂಬೋಲಿ ಘಾಟ್ ಇಳಿದು ಮಾಲವಣ, ತಾರಕರ್ಲಿಗೆ ಹೋಗುತ್ತಾರೆ, ಇಲ್ಲವೇ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗುತ್ತಾರೆ. ಬಾಗಲಕೋಟೆ, ವಿಜಯಪುರದವರು ಹುಬ್ಬಳ್ಳಿ, ಅಂಕೋಲೆಯ ಮೇಲೆ ಮುರುಡೇಶ್ವರ ಸೇರುತ್ತಾರೆ. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರು ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್ ಎಂದು ವಿಮಾನ ಹತ್ತುತ್ತಾರೆ. ದಡದಲ್ಲಿ ಕಾಲು ತೋಯಿಸಿ, ಮೀನೂಟ ಮಾಡಿ ಮರಳುತ್ತಿದ್ದ ಪ್ರವಾಸದಲ್ಲಿ ಈಗ ನೀರೊಳಗೆ ಮುಖ ಹಾಕಿ ಹವಳ, ಮೀನು ನೋಡುವ ಸ್ನಾರ್ಕಲಿಂಗ್ ಕೂಡ ಸೇರಿಕೊಂಡಿದೆ. ಹೀಗೆ ಹೊರಡುವ ಬಹಳಷ್ಟು ಜನ ಮೊದಲು ಹುಡುಕುವುದು ಮೈ ಬೆಚ್ಚಗಿಡಲು ತೊಡುವ ದಪ್ಪನೆಯ ರಬ್ಬರಿನ ಉಡುಗೆ, ಅಂದರೆ ವೆಟ್‌ಸೂಟನ್ನು, ಕೊನೆಗೆ ಉಳಿದ ದುಡ್ಡಿನಲ್ಲಿ ಕೊಳ್ಳುವುದು ಕಣ್ಣು, ಮೂಗು ಮುಚ್ಚುವ ಅಗ್ಗದ ಮಾಸ್ಕನ್ನು. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ನಿಮ್ಮ ಮುಖಕ್ಕೆ ಸರಿಹೊಂದುವ ಮಾಸ್ಕ್ ಸ್ವಂತದ್ದಾಗಿರಬೇಕು, ಉಸಿರಾಡುವ ನಳಿಗೆಯಾದ ಸ್ನಾರ್ಕಲ್ ಸ್ವಂತದ್ದಾಗಿದ್ದರೆ ಒಳ್ಳೆಯದು, ಪಾದಕ್ಕೆ ತೊಡುವ ರೆಕ್ಕೆಯಂಥ ಫಿನ್‌ಗಳ ಮಾತು ಆಮೇಲಿನದು, ಉಷ್ಣವಲಯದ ಕಡಲಿಗೆ ವೆಟ್‌ಸೂಟ್ ಎಲ್ಲಕ್ಕೂ ಕೊನೆಯದು.

ನೀರಿನ ಬಿಸುಪು ಮೊದಲು ತಿಳಿಯಲಿ

ಮನೆಯಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತು ಸಮುದ್ರದ ಬಟ್ಟೆ ಆರಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ವಿಜಯಪುರದಲ್ಲಿ ಜನವರಿಯ ಬೆಳಗಿನ ಜಾವ ಮೈ ಕೊರೆಯುವಷ್ಟು ಚಳಿ ಇರಬಹುದು, ಬೆಳಗಾವಿಯಲ್ಲಿ ಮಂಜು ಮುಸುಕಿರಬಹುದು. ಆದರೆ ಅದೇ ದಿನ ಮಾಲವಣದಿಂದ ಮುರುಡೇಶ್ವರದವರೆಗಿನ ಕರಾವಳಿಯ ನೀರು ಸುಮಾರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಂಡಮಾನ್, ಲಕ್ಷದ್ವೀಪಗಳಲ್ಲಿ 27ರಿಂದ 29 ಡಿಗ್ರಿ. ಅಗಾಧವಾದ ಜಲರಾಶಿ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ತಣಿಯುತ್ತದೆ. ಒಂದು ವಾರದ ಚಳಿಗಾಳಿ ಅದನ್ನು ಹೆಚ್ಚೇನೂ ಮಾಡಲಾರದು. ಹೊರಡುವ ಸ್ಥಳದ ಆ ತಿಂಗಳ ಸಮುದ್ರದ ಮೇಲ್ಮೈ ಉಷ್ಣಾಂಶವನ್ನು ಅಂತರ್ಜಾಲದಲ್ಲಿ ನೋಡಿಕೊಂಡು, ಅದರ ಮೇಲೆಯೇ ಬಟ್ಟೆಯ ನಿರ್ಧಾರ ಮಾಡಬೇಕು.

ದುಬೈಗೆ ಹೋಗುವವರ ಲೆಕ್ಕ ಇದಕ್ಕೆ ತದ್ವಿರುದ್ಧ. ಮರುಭೂಮಿಯ ಊರು, ಬಿಸಿಲಿಗೇನು ಕಡಿಮೆ ಎಂದುಕೊಂಡು ಬರಿ ಚಡ್ಡಿಯಲ್ಲಿ ನೀರಿಗಿಳಿದವರಿಗೆ ಜನವರಿಯ ಪರ್ಷಿಯನ್ ಕೊಲ್ಲಿ 22, 23 ಡಿಗ್ರಿಯ ಆಸುಪಾಸಿನಲ್ಲಿ ಸ್ವಾಗತ ಕೋರುತ್ತದೆ. ಈಜಿಪ್ಟಿನ ಕೆಂಪು ಸಮುದ್ರವೂ ಆಗ ಹಾಗೆಯೇ ಇರುತ್ತದೆ. ಬಾಲಿ, ಮಾರಿಷಸ್‌ಗಳು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ನಮ್ಮ ಡಿಸೆಂಬರ್ ಅಲ್ಲಿ ಬೇಸಿಗೆ, ನೀರೂ ಬೆಚ್ಚಗಿರುತ್ತದೆ.

ಹಾಗಾದರೆ 28 ಡಿಗ್ರಿಯ ನೀರಿನಲ್ಲಿ ಚಳಿಯೇ ಆಗುವುದಿಲ್ಲವೇ ಎಂದರೆ, ಆಗುತ್ತದೆ. ನಮ್ಮ ಮೈಯೊಳಗಿನ ಬಿಸುಪು 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಹೊಳೆ, ಬಾವಿಗಳಲ್ಲಿ ಈಜು ಕಲಿತ ನಮ್ಮ ಕಡೆಯವರು ಇದಕ್ಕಿಂತ ತಣ್ಣಗಿನ ನೀರನ್ನು ಕಂಡಿರುತ್ತಾರೆ. ಆದರೆ ಅಲ್ಲಿ ಜಿಗಿದು, ಕೈಕಾಲು ಬಡಿದು, ಮೇಲೆ ಬಂದು ಬಿಸಿಲಿಗೆ ಕೂಡುವುದು ರೂಢಿ. ಸ್ನಾರ್ಕಲಿಂಗಿನಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಹೆಚ್ಚು ಅಲುಗಾಡದೆ ನೀರಿನ ಮೇಲೆ ಬೋರಲಾಗಿ ತೇಲುತ್ತೇವೆ. ದೇಹ ದುಡಿಯುವುದಿಲ್ಲ, ಹೆಚ್ಚು ಶಾಖ ಹುಟ್ಟುವುದಿಲ್ಲ, ಇದ್ದ ಶಾಖ ಹರಿದುಹೋಗುತ್ತಲೇ ಇರುತ್ತದೆ. ಮೊದಲ ಇಪ್ಪತ್ತು ನಿಮಿಷ ಹಿತವೆನಿಸಿದ ನೀರಿನಲ್ಲೇ ಆಮೇಲೆ ಹಲ್ಲು ಕಟಕಟಿಸುವುದು ಈ ಕಾರಣಕ್ಕೆ.

ಆದ್ದರಿಂದ ನೀರಿನ ಉಷ್ಣಾಂಶದ ಜೊತೆಗೆ ನೀರಿನಲ್ಲಿ ಎಷ್ಟು ಹೊತ್ತು ಇರುತ್ತೀರಿ, ನಿಮ್ಮ ಮೈಕಟ್ಟು ಎಂಥದು ಎಂಬ ಎರಡನ್ನೂ ಸೇರಿಸಿ ನೋಡಬೇಕು. ನೀರು 28 ಡಿಗ್ರಿಗಿಂತ ಹೆಚ್ಚಿದ್ದು, ಅರ್ಧ ಗಂಟೆಯ ಮಾತಾಗಿದ್ದರೆ ಲೈಕ್ರಾ ಬಟ್ಟೆಯ ತೆಳು ಅಂಗಿ, ಅಂದರೆ ರ್‍ಯಾಶ್ ಗಾರ್ಡ್ ಸಾಕು. 26ರಿಂದ 28 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಇರುವವರಿಗೆ 2 ಮಿಲಿಮೀಟರ್ ದಪ್ಪದ, ತೋಳು ಮತ್ತು ತೊಡೆಯ ಅರ್ಧಕ್ಕೆ ನಿಲ್ಲುವ ಶಾರ್ಟಿ ಸೂಟ್ ಹಿತಕರ. 22ರಿಂದ 25 ಡಿಗ್ರಿಗೆ 3 ಮಿಲಿಮೀಟರಿನ ಪೂರ್ಣ ಸೂಟ್ ಬೇಕು. 5 ಮಿಲಿಮೀಟರಿನದು ಅದಕ್ಕೂ ತಣ್ಣನೆಯ ನೀರಿಗೆ. ಅಂಥದನ್ನು ತೊಟ್ಟು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋದರೆ ದೋಣಿಯಲ್ಲೇ ಬೆವತು ಬಸವಳಿಯುತ್ತೀರಿ. ಮಕ್ಕಳಿಗೆ, ತೆಳ್ಳಗಿನವರಿಗೆ, ವಯಸ್ಸಾದವರಿಗೆ ಒಂದು ಹಂತ ದಪ್ಪನೆಯದನ್ನು ಆರಿಸುವುದು ಒಳ್ಳೆಯದು. ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹೀಗಾಗಿ ಅವರು ಬೇಗ ತಣ್ಣಗಾಗುತ್ತಾರೆ. ತುಟಿ ನೀಲಿಗಟ್ಟಿದರೂ ಆಟದ ಹುರುಪಿನಲ್ಲಿ ಹೇಳುವುದಿಲ್ಲ.

ಚಳಿ ಹೆಚ್ಚಾಗಿ ಹಿಡಿಯುವುದು ನೀರಿನಿಂದ ಮೇಲೆ ಬಂದ ಮೇಲೆ. ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಒದ್ದೆ ಮೈಯಲ್ಲಿ, ಗಾಳಿಗೆ ಎದುರಾಗಿ ದೋಣಿಯಲ್ಲಿ ಮರಳುವಾಗ ನೀರು ಆವಿಯಾಗುತ್ತಾ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಂದು ಒಣ ಟವೆಲ್ಲು ಮತ್ತು ಗಾಳಿ ತಡೆಯುವ ತೆಳು ಜಾಕೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದರೆ, ಅವು ಸೂಟಿನ ರಬ್ಬರು, ಅಂದರೆ ನಿಯೊಪ್ರೀನ್, ಒಂದು ಮಿಲಿಮೀಟರ್ ಹೆಚ್ಚಿರುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸೂಟ್ ಕೊಳ್ಳುವುದಾದರೆ

ವೆಟ್‌ಸೂಟ್ ನೀರನ್ನು ಒಳಗೆ ಬಿಡುವುದಿಲ್ಲ ಎಂಬ ಕಲ್ಪನೆ ಅನೇಕರಲ್ಲಿದೆ. ನೀರು ಒಳಗೆ ಬರುತ್ತದೆ. ಮೈಗೂ ಸೂಟಿಗೂ ನಡುವೆ ತೆಳುವಾದ ಪದರವಾಗಿ ನಿಂತು ಮೈಯ ಶಾಖದಿಂದ ಬೆಚ್ಚಗಾಗುತ್ತದೆ. ನಿಜವಾದ ತಡೆಯೆಂದರೆ ನಿಯೊಪ್ರೀನ್ ರಬ್ಬರಿನೊಳಗೆ ಸೆರೆಯಾಗಿರುವ ಅಸಂಖ್ಯ ಅನಿಲದ ಗುಳ್ಳೆಗಳು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಭೌತವಿಜ್ಞಾನಿ ಹ್ಯೂ ಬ್ರ್ಯಾಡ್ನರ್ 1952ರ ಸುಮಾರಿಗೆ ಇದನ್ನು ರೂಪಿಸಿದಾಗ ಅವರ ಮುಖ್ಯ ಹೊಳಹು ಇದೇ ಆಗಿತ್ತು: ಬಟ್ಟೆಯೇ ಶಾಖವನ್ನು ತಡೆಯುವುದಾದರೆ ಮೈ ಒದ್ದೆಯಾದರೂ ಬಾಧೆಯಿಲ್ಲ. ಒಳಗಿನ ನೀರಿನ ಪದರ ಬದಲಾಗದೆ ನಿಂತಷ್ಟು ಹೊತ್ತು ಸೂಟ್ ಬೆಚ್ಚಗಿರುತ್ತದೆ. ಸಡಿಲವಾದ ಸೂಟಿನಲ್ಲಿ ಪ್ರತಿ ಚಲನೆಗೂ ಹೊಸ ತಣ್ಣೀರು ನುಗ್ಗಿ ಬೆಚ್ಚನೆಯ ನೀರನ್ನು ಹೊರಗೆ ತಳ್ಳುತ್ತದೆ. ಹೀಗಾಗಿ ಸಡಿಲವಾದ 5 ಮಿಲಿಮೀಟರಿನ ಸೂಟಿಗಿಂತ ಮೈಗಂಟಿದ 2 ಮಿಲಿಮೀಟರಿನದೇ ಮೇಲು.

ಅಂಗಡಿಯಲ್ಲಿ ತೊಟ್ಟು ನೋಡಲು ಸಾಧ್ಯವಾದರೆ ಬಿಡಬೇಡಿ; ಹುಬ್ಬಳ್ಳಿ, ಪುಣೆ, ಬೆಂಗಳೂರಿನ ದೊಡ್ಡ ಕ್ರೀಡಾ ಮಳಿಗೆಗಳಿಗೆ ಹೋದಾಗ ಈ ಕೆಲಸ ಮುಗಿಸಿಕೊಳ್ಳಬಹುದು. ಒಣಗಿದ್ದಾಗ ಸೂಟ್ ಬಿಗಿಯಾಗಿಯೇ ಇರಬೇಕು, ಏಕೆಂದರೆ ನೀರಿನಲ್ಲಿ ಅದು ಸ್ವಲ್ಪ ಸಡಿಲಗೊಳ್ಳುತ್ತದೆ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬೆನ್ನಿನ ಕೆಳಭಾಗದ ತಗ್ಗಿನಲ್ಲಿ ಕೈಯಿಂದ ಹಿಡಿಯುವಷ್ಟು ಜೋಲು ಉಳಿದರೆ ಅಲ್ಲಿ ನೀರು ನಿಲ್ಲುತ್ತದೆ. ಎರಡೂ ಕೈ ಮೇಲೆತ್ತಿ, ಕುಕ್ಕರುಗಾಲಿನಲ್ಲಿ ಕುಳಿತು, ಜೋರಾಗಿ ಉಸಿರೆಳೆದು ನೋಡಿ. ಎದೆ ಪೂರ್ತಿ ಹಿಗ್ಗದಿದ್ದರೆ, ಕೊರಳಪಟ್ಟಿ ಗಂಟಲನ್ನು ಒತ್ತಿದರೆ ಆ ಸೂಟ್ ಬೇಡ. ನೀರಿನಲ್ಲಿ ಮುಖವಿಟ್ಟಾಗ ಆ ಒತ್ತಡವೇ ಗಾಬರಿಗೆ ಕಾರಣವಾಗಬಹುದು. ಅಳತೆಯ ಪಟ್ಟಿಗಳು ಬಹುಮಟ್ಟಿಗೆ ಯುರೋಪಿನವರ ಮೈಕಟ್ಟಿಗೆ ತಕ್ಕಂತೆ ಇರುವುದರಿಂದ, ಹೊಟ್ಟೆ ಸ್ವಲ್ಪ ಮುಂದೆ ಬಂದ ನಮ್ಮವರಿಗೆ ಎದೆಯ ಅಳತೆ ಒಂದು, ಸೊಂಟದ ಅಳತೆ ಇನ್ನೊಂದು ಆಗುತ್ತದೆ. ಅಂಥವರು ಮೇಲಂಗಿ, ಚಡ್ಡಿ ಬೇರೆ ಬೇರೆಯಾಗಿರುವ ಎರಡು ತುಂಡಿನ ಸೂಟ್ ಆರಿಸಿದರೆ ಪೇಚಾಟ ತಪ್ಪುತ್ತದೆ.

ತೊಡುವಾಗ ಕಾಲಿಗೆ ತೆಳು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡರೆ ಸೂಟ್ ಜಾರಿಕೊಂಡು ಏರುತ್ತದೆ. ಉಗುರಿನಿಂದ ಎಳೆಯಬಾರದು, ಬೆರಳಿನ ಮೆತ್ತನೆಯ ಭಾಗದಿಂದ ಎಳೆಯಬೇಕು. ನಿಯೊಪ್ರೀನಿನ ಮೇಲೆ ಉಗುರು ಅರ್ಧಚಂದ್ರದ ಗುರುತು ಮೂಡಿಸುತ್ತದೆ, ಆ ಗುರುತೇ ಮುಂದೆ ಹರಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ವರ್ಷಕ್ಕೊಮ್ಮೆ ಸಮುದ್ರ ಕಾಣುವ ಕುಟುಂಬಕ್ಕೆ ಸೂಟನ್ನು ಬಾಡಿಗೆಗೆ ಪಡೆಯುವುದೇ ಜಾಣತನವೆಂದು ನನಗನಿಸುತ್ತದೆ. ಸ್ನಾರ್ಕಲಿಂಗ್, ಸ್ಕೂಬಾ ನಡೆಸುವವರ ಬಳಿ ಅದು ಹೆಚ್ಚಾಗಿ ಸಿಗುತ್ತದೆ. ನೂರಾರು ಜನ ತೊಟ್ಟ ಸೂಟದು. ಒಳಭಾಗವನ್ನು ಮೂಸಿ ನೋಡಿ, ಹೊಲಿಗೆ ಬಿಟ್ಟಿಲ್ಲವೇ, ಬೆನ್ನಿನ ಜಿಪ್ ಸಲೀಸಾಗಿ ಓಡುತ್ತದೆಯೇ ಎಂದು ಪರೀಕ್ಷಿಸಿ, ಕೆಳಗೆ ನಿಮ್ಮದೇ ರ್‍ಯಾಶ್ ಗಾರ್ಡ್ ತೊಟ್ಟು ಆಮೇಲೆ ಅದನ್ನು ಹಾಕಿಕೊಳ್ಳಿ.

ಆ ರ್‍ಯಾಶ್ ಗಾರ್ಡನ್ನು ಮಾತ್ರ ಎಲ್ಲರೂ ಕೊಳ್ಳಬೇಕು. ಬೋರಲಾಗಿ ತೇಲುವವನ ಬೆನ್ನು, ಕುತ್ತಿಗೆ, ಮೊಣಕಾಲಿನ ಹಿಂಭಾಗ ಮಧ್ಯಾಹ್ನದ ಬಿಸಿಲಿಗೆ ತೆರೆದಿರುತ್ತವೆ. ನೀರಿನ ತಂಪಿನಲ್ಲಿ ಚರ್ಮ ಸುಡುವುದು ಗೊತ್ತಾಗುವುದಿಲ್ಲ, ರಾತ್ರಿ ಅಂಗಾತ ಮಲಗಲಾಗದೆ ಒದ್ದಾಡುವಾಗ ಗೊತ್ತಾಗುತ್ತದೆ. ಯುಪಿಎಫ್ 50 ಎಂದು ನಮೂದಿಸಿದ ಬಟ್ಟೆ ನೇರಳಾತೀತ ಕಿರಣಗಳ ಐವತ್ತನೆಯ ಒಂದು ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಮೈಮುಚ್ಚುವ ಬಟ್ಟೆ ಇದ್ದರೆ ಸನ್‌ಸ್ಕ್ರೀನ್ ಬಳಿಯಬೇಕಾದ ಜಾಗವೂ ಕಡಿಮೆಯಾಗುತ್ತದೆ. ಥಾಯ್ಲೆಂಡಿಗೆ ಹೋಗುವವರು ಗಮನಿಸಬೇಕು: ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಮುಂತಾದ, ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ಅಲ್ಲಿನ ಸಾಗರ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಲಾಗಿದೆ. ಸಣ್ಣಪುಟ್ಟ ಅಂಬಲಿಮೀನುಗಳ (ಜೆಲ್ಲಿಫಿಶ್) ಕುಟುಕನ್ನೂ ತುಂಬುತೋಳಿನ ಲೈಕ್ರಾ ಬಹುಮಟ್ಟಿಗೆ ತಡೆಯುತ್ತದೆ.

ಹತ್ತಿಯ ಟೀಶರ್ಟು, ಚೂಡಿದಾರ, ದುಪಟ್ಟಾ ತೊಟ್ಟು ನೀರಿಗಿಳಿಯುವ ರೂಢಿ ನಮ್ಮಲ್ಲಿದೆ. ದಡದಲ್ಲಿ ಅಲೆಯೊಡನೆ ಆಡಲು ಅಡ್ಡಿಯಿಲ್ಲ. ಆಳದ ನೀರಿನಲ್ಲಿ ಮಾತ್ರ ಹತ್ತಿ ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ತೊಡರುತ್ತದೆ, ಮೇಲೆ ಬಂದಾಗ ಚಳಿ ಹಿಡಿಸುತ್ತದೆ. ಮೈ ತೋರುವ ಈಜುಡುಗೆ ಬೇಡವೆನ್ನುವ ಹೆಣ್ಣುಮಕ್ಕಳಿಗೆ ಕಣಕಾಲಿನವರೆಗೆ ಬರುವ ಲೈಕ್ರಾ ಪ್ಯಾಂಟು, ತುಂಬುತೋಳಿನ ಅಂಗಿ, ಮೇಲೊಂದು ಸಣ್ಣ ಲಂಗದಂಥ ಪದರ, ತಲೆ ಮುಚ್ಚುವ ಟೋಪಿ ಎಲ್ಲವೂ ಈಗ ಸಿಗುತ್ತವೆ. ಬಳೆ, ಉಂಗುರ, ತಾಳಿಸರವನ್ನು ಕೋಣೆಯಲ್ಲೇ ಭದ್ರವಾಗಿಟ್ಟು ಬರುವುದು ಲೇಸು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುತ್ತದೆ, ಉಂಗುರ ಜಾರಿದ್ದು ತಿಳಿಯುವುದೇ ಇಲ್ಲ.

ಮಾಸ್ಕ್: ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಎಚ್ಚರದಿಂದ

ಈಜುಗಾರರ ಕನ್ನಡಕವನ್ನು ತಂದು ಇದೇ ಸಾಕೆನ್ನುವವರಿದ್ದಾರೆ. ಅದು ಮೂಗನ್ನು ಮುಚ್ಚುವುದಿಲ್ಲ. ಒಂದೆರಡು ಮೀಟರ್ ಕೆಳಗೆ ಮುಳುಗಿದರೂ ನೀರಿನ ಒತ್ತಡ ಕನ್ನಡಕವನ್ನು ಕಣ್ಣಿನ ಮೇಲೆ ಒತ್ತುತ್ತದೆ. ಮಾಸ್ಕಿನಲ್ಲಾದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಆ ಒತ್ತಡವನ್ನು ಸರಿದೂಗಿಸಬಹುದು. ಆದ್ದರಿಂದ ಮೂಗಿಗೆ ಪ್ರತ್ಯೇಕ ಗೂಡಿರುವ, ಮುಳುಗಿದಾಗ ಕಿವಿಯ ಒತ್ತಡ ಸರಿದೂಗಿಸಲು ಹೊರಗಿನಿಂದ ಮೂಗನ್ನು ಬೆರಳಿನಿಂದ ಹಿಡಿಯಲು ಬರುವ ಮಾಸ್ಕನ್ನೇ ಕೊಳ್ಳಬೇಕು.

ಗಾಜು ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದು ಆಗಿರಬೇಕು; ಆ ಮುದ್ರೆ ಗಾಜಿನ ಅಂಚಿನಲ್ಲೇ ಇರುತ್ತದೆ. ಪ್ಲಾಸ್ಟಿಕ್ ಮಸೂರ ಬೇಗ ಗೀರು ಬೀಳುತ್ತದೆ, ಹಬೆಯೂ ಹೆಚ್ಚು ಕಟ್ಟುತ್ತದೆ. ಮುಖಕ್ಕೆ ತಾಗುವ ಅಂಚು ಮೆತ್ತನೆಯ ಸಿಲಿಕೋನಿನದಾಗಿರಬೇಕು. ಗೋವೆಯ ದಡದ ಅಂಗಡಿಗಳಲ್ಲಿ ಬಲೆಚೀಲದಲ್ಲಿ ತೂಗುವ ಅಗ್ಗದ ಸೆಟ್‌ಗಳಲ್ಲಿ ಹೆಚ್ಚಾಗಿ ಗಟ್ಟಿ ಪಿವಿಸಿ ಇರುತ್ತದೆ, ಅದು ಮುಖದ ಏರುತಗ್ಗಿಗೆ ಬಾಗುವುದಿಲ್ಲ. ಕೈಯಲ್ಲಿ ಹಿಡಿದು ಅಂಚನ್ನು ಬೆರಳಿನಿಂದ ಮಡಚಿ ಬಿಟ್ಟರೆ ಸಿಲಿಕೋನು ತಟ್ಟನೆ ಮೊದಲಿನ ಆಕಾರಕ್ಕೆ ಬರುತ್ತದೆ, ಪಿವಿಸಿ ಸಾವಕಾಶವಾಗಿ ಬರುತ್ತದೆ.

ಇನ್ನು ಹೊಂದಿಕೆಯ ಪರೀಕ್ಷೆ. ಪಟ್ಟಿಯನ್ನು ಮಾಸ್ಕಿನ ಮುಂಭಾಗಕ್ಕೆ ಮಗುಚಿ, ತಲೆಗೆ ಹಾಕದೆ, ಮಾಸ್ಕನ್ನು ಮುಖಕ್ಕೆ ಮೆಲ್ಲನೆ ಒತ್ತಿ, ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿ, ಮೂಗಿನಿಂದ ಚೂರು ಉಸಿರೆಳೆದು ಹಿಡಿಯಿರಿ. ಕೈ ಬಿಟ್ಟರೂ ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ನಿಂತರೆ ಅದು ನಿಮ್ಮದು. ಎಲ್ಲಿಂದಾದರೂ ಸುಯ್ ಎಂದು ಗಾಳಿ ನುಸುಳಿದರೆ ಅಥವಾ ಹಿಡಿದಿಡಲು ಮತ್ತೆ ಮತ್ತೆ ಉಸಿರೆಳೆಯಬೇಕಾದರೆ, ಎಷ್ಟೇ ಹೆಸರುವಾಸಿ ಕಂಪನಿಯದಾಗಿರಲಿ, ಎಷ್ಟೇ ರಿಯಾಯಿತಿ ಇರಲಿ, ವಾಪಸು ಇಡಿ. ಇದೇ ಪರೀಕ್ಷೆಯನ್ನು ಬಾಯಲ್ಲಿ ಸ್ನಾರ್ಕಲ್ ಕಚ್ಚಿಕೊಂಡು ಇನ್ನೊಮ್ಮೆ ಮಾಡಬೇಕು. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗಿ, ಆವರೆಗೆ ಸೋರದ ಮಾಸ್ಕ್ ಸೋರತೊಡಗಬಹುದು. ಮೂಗಿನ ಸೇತುವೆಗೆ, ಹಣೆಗೆ ಗಟ್ಟಿ ಚೌಕಟ್ಟು ತಾಗಬಾರದು. ಹೆಂಡತಿಗೆ ಹೊಂದಿದ್ದು ಗಂಡನಿಗೆ, ಅಣ್ಣನಿಗೆ ಹೊಂದಿದ್ದು ತಂಗಿಗೆ ಹೊಂದುತ್ತದೆಂದು ಹೇಳಲಾಗದು. ಮನೆಮಂದಿಗೆಲ್ಲ ಒಂದೇ ಬಗೆಯ ನಾಲ್ಕು ಮಾಸ್ಕ್ ತರಿಸಿಕೊಳ್ಳುವುದು ದುಡ್ಡು ದಂಡ. ಅಂತರ್ಜಾಲದಲ್ಲೇ ಕೊಳ್ಳುವುದಾದರೆ ಮರಳಿಸಲು ಅವಕಾಶವಿರುವ ಕಡೆ ಕೊಂಡು, ಹೊರಡುವುದಕ್ಕೆ ಸಾಕಷ್ಟು ಮುಂಚೆ ಈ ಪರೀಕ್ಷೆ ಮುಗಿಸಿ.

ಮೀಸೆಯ ಸಮಸ್ಯೆಯನ್ನು ನಮ್ಮ ಜಿಲ್ಲೆಗಳಲ್ಲಿ ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಸಿಲಿಕೋನು ಮತ್ತು ಮೇಲ್ದುಟಿಯ ನಡುವೆ ಕೂದಲು ಸಿಕ್ಕರೆ ಆ ಸಂದಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಬೆಳಗಾವಿಯ ಈಜುಕೊಳವೊಂದರಲ್ಲಿ ಹೀಗೆ ಮಾಸ್ಕ್ ತುಂಬಿಕೊಂಡು ಕೆಮ್ಮುತ್ತಾ ಎದ್ದ ಹಿರಿಯರೊಬ್ಬರಿಗೆ ಕಲಿಸುವ ಹುಡುಗ, "ಕಾಕಾ, ಮೀಸಿ ಪೂರಾ ಬ್ಯಾಡ್ರಿ, ಮೂಗಿನ ಬುಡಕ ಒಂದೀಟ ತಗೀರಿ ಸಾಕು" ಎಂದ. "ಮೀಸಿ ತಗದು ಮೀನ ನೋಡೂದಕ್ಕಿಂತ ಮೀಸಿ ಇಟ್ಕೊಂಡು ದೋಣ್ಯಾಗ ಕುಂದರತೀನಿ ತಮ್ಮಾ" ಎಂಬ ಉತ್ತರ ಬಂತು. ಹುಡುಗ ಹೇಳಿದ್ದು ಸರಿಯಾದ ಉಪಾಯವೇ: ಮೂಗಿನ ಕೆಳಗೆ, ಅಂಚು ಕೂಡುವ ಜಾಗದಲ್ಲಿ ಬೆರಳಗಲಕ್ಕಿಂತ ಕಡಿಮೆ ಪಟ್ಟಿಯಷ್ಟು ಕ್ಷೌರ ಮಾಡಿಸಿಕೊಂಡರೆ ಉಳಿದ ಮೀಸೆ ಹಾಗೆಯೇ ಇರಬಹುದು. ಅದೂ ಆಗದು ಎನ್ನುವವರು ಸಿಲಿಕೋನ್ ಗ್ರೀಸನ್ನು ಮೀಸೆಗೆ ತೆಳುವಾಗಿ ಸವರಿಕೊಳ್ಳಬಹುದು. ಪೆಟ್ರೋಲಿಯಂ ಜೆಲ್ಲಿಯಿಂದಲೂ ಸೋರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆ, ಆದರೆ ಅದು ಕಾಲಕ್ರಮೇಣ ರಬ್ಬರಿನ ಭಾಗಗಳನ್ನು ಕೆಡಿಸುತ್ತದೆ.

ಚಷ್ಮಾ ಹಾಕುವವರಿಗೆ ಮಾಸ್ಕಿನೊಳಗೆ ಅದನ್ನು ತೂರಿಸುವ ದಾರಿಯಿಲ್ಲ, ಏಕೆಂದರೆ ಕಡ್ಡಿಗಳು ಅಂಚನ್ನು ಎತ್ತಿಹಿಡಿಯುತ್ತವೆ. ನೀರಿನೊಳಗೆ ವಸ್ತುಗಳು ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿಯೂ ಕಾಲುಭಾಗ ಹತ್ತಿರವಾಗಿಯೂ ಕಾಣುವುದರಿಂದ, ಒಂದು ಒಂದೂವರೆ ಪಾಯಿಂಟಿನ ದೋಷವಿದ್ದವರು ಬರಿಗಣ್ಣಿನಲ್ಲೇ ಸುಧಾರಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಅರ್ಧ ಅರ್ಧ ಪಾಯಿಂಟಿನ ಅಂತರದಲ್ಲಿ ಸಿದ್ಧ ಮಸೂರ ಸಿಗುವ, ಎರಡು ಗಾಜಿನ ಮಾಸ್ಕ್ ಕೊಳ್ಳುವುದು ಶಾಶ್ವತ ಪರಿಹಾರ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಮಾಸ್ಕಿನೊಳಗೆ ನೀರು ಬಂದರೆ ಲೆನ್ಸ್ ಕೊಚ್ಚಿಹೋಗಬಹುದು, ಅದರಡಿ ಸಿಕ್ಕ ಸೂಕ್ಷ್ಮಜೀವಿಗಳಿಂದ ಕಣ್ಣಿಗೆ ಸೋಂಕು ತಗಲಬಹುದು.

ಹೊಸ ಮಾಸ್ಕಿನ ಗಾಜಿಗೆ ತಯಾರಿಕೆಯ ವೇಳೆ ಕಾಣದಷ್ಟು ತೆಳುವಾದ ಜಿಡ್ಡು ಅಂಟಿರುತ್ತದೆ. ಅದನ್ನು ತೆಗೆಯದೆ ನೀರಿಗಿಳಿದರೆ ಹಬೆ ಕಟ್ಟಿ ಏನೂ ಕಾಣದು. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಗಾಜಿನ ಒಳಭಾಗಕ್ಕೆ ಹಚ್ಚಿ, ಹೆಬ್ಬೆರಳಿನಿಂದ ಮೂಲೆಮೂಲೆಗೂ ಕೆಲವು ನಿಮಿಷ ತಿಕ್ಕಿ, ತೊಳೆದು, ಇನ್ನೆರಡು ಸಲ ಹಾಗೆಯೇ ಮಾಡಿ. ಗಾಜಿಗೆ ಕಾರ್ಖಾನೆಯಲ್ಲೇ ಹಬೆತಡೆ ಲೇಪ ಕೊಟ್ಟಿದ್ದರೆ ಮಾತ್ರ ಈ ಉಜ್ಜಾಟ ಬೇಡ. ನೀರಿಗಿಳಿಯುವ ಮುನ್ನ ಪ್ರತಿ ಸಲ ಮಕ್ಕಳ ಶಾಂಪೂವಿನ ಒಂದು ಹನಿ ಸವರಿ ತೊಳೆದುಕೊಂಡರೆ ಸಾಕು. ನುರಿತವರು ಉಗುಳನ್ನೇ ಸವರುತ್ತಾರೆ, ಹೇಸಿಗೆಯೆನಿಸಿದರೂ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಪೂರ್ತಿ ಮುಖ ಮುಚ್ಚುವ ಮಾಸ್ಕುಗಳ ಬಗ್ಗೆ ಕೇಳುವವರು ಬಹಳ. ಮೂಗಿನಿಂದಲೇ ಉಸಿರಾಡಬಹುದು, ನೋಟ ವಿಶಾಲ, ಬಾಯಲ್ಲಿ ಏನನ್ನೂ ಕಚ್ಚಬೇಕಿಲ್ಲ ಎಂಬುದು ಹೊಸಬರನ್ನು ಸೆಳೆಯುತ್ತದೆ. ಆದರೆ ಒಳಗಿನ ಕವಾಟಗಳ ರಚನೆ ಸರಿಯಿಲ್ಲದ ಅಗ್ಗದ ನಕಲುಗಳಲ್ಲಿ ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ತಲೆಸುತ್ತು, ಏದುಸಿರು ಬರಬಹುದು. ನೀರು ನುಗ್ಗಿದಾಗ ತಟ್ಟನೆ ಕಿತ್ತೆಸೆಯುವುದೂ ಕಷ್ಟ. ಮೂಗು ಹಿಡಿಯಲಾಗದ್ದರಿಂದ ಕೆಳಗೆ ಮುಳುಗುವಂತೆಯೂ ಇಲ್ಲ. ಹೆಸರುಳ್ಳ ತಯಾರಕರದ್ದನ್ನು ಶಾಂತ ನೀರಿನಲ್ಲಿ ಸುಮ್ಮನೆ ತೇಲಲು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ರಕ್ತದೊತ್ತಡ, ಹೃದಯ ಅಥವಾ ಉಸಿರಾಟದ ತೊಂದರೆ ಇದ್ದವರು ಯಾವ ಬಗೆಯ ಸ್ನಾರ್ಕಲಿಗೂ ಮುನ್ನ ವೈದ್ಯರನ್ನು ಕೇಳಲೇಬೇಕು.

ಸ್ನಾರ್ಕಲ್, ಫಿನ್, ಜಾಕೆಟ್

ಸ್ನಾರ್ಕಲ್ ನಳಿಗೆ ಉದ್ದವಿದ್ದಷ್ಟು ಒಳ್ಳೆಯದೆಂಬುದು ಭ್ರಮೆ. ನಾವು ಹೊರಬಿಟ್ಟ ಉಸಿರಿನ ಕೊನೆಯ ಪಾಲು ನಳಿಗೆಯಲ್ಲೇ ನಿಂತು, ಮುಂದಿನ ಉಸಿರಿನಲ್ಲಿ ಮೊದಲು ಒಳಗೆ ಬರುವುದು ಅದೇ. ನಳಿಗೆ ಉದ್ದವಾದಷ್ಟೂ, ಅಗಲವಾದಷ್ಟೂ ಈ ಹಳಸಿದ ಗಾಳಿ ಹೆಚ್ಚುತ್ತದೆ. ಬಹಳ ಕಿರಿದಾದರೆ ಉಸಿರೆಳೆಯುವುದೇ ಶ್ರಮ. ದೊಡ್ಡವರಿಗೆ 35ರಿಂದ 40 ಸೆಂಟಿಮೀಟರ್ ಉದ್ದ, ಸುಮಾರು 2 ಸೆಂಟಿಮೀಟರ್ ಒಳವ್ಯಾಸ ಸರಿಯಾದ ಅಳತೆ. ಮಕ್ಕಳ ಉಸಿರು ಚಿಕ್ಕದು, ಅವರಿಗೆ ಮಕ್ಕಳದೇ ಸ್ನಾರ್ಕಲ್ ಕೊಡಬೇಕು. ಮೇಲ್ತುದಿಯಲ್ಲಿ ತೇಲುಬಿರಡೆಯಿದ್ದು ಅಲೆ ಬಂದಾಗ ನಳಿಗೆಯ ಬಾಯಿ ಮುಚ್ಚಿಕೊಳ್ಳುವ ಡ್ರೈ ಸ್ನಾರ್ಕಲ್ ಹೊಸಬರಿಗೆ ಧೈರ್ಯ ಕೊಡುತ್ತದೆ, ಆದರೆ ಮರಳಿನ ಕಣ ಸಿಕ್ಕರೆ ಬಿರಡೆ ಕಚ್ಚಿಕೊಳ್ಳಬಹುದು. ತುದಿಯಲ್ಲಿ ತುಂತುರು ತಡೆಯುವ ಟೋಪಿ, ಕೆಳಗೆ ನೀರು ಹೊರದೂಡುವ ಕವಾಟ ಇರುವ ಸರಳ ಸ್ನಾರ್ಕಲ್ ನನಗೆ ಮೆಚ್ಚು. ಬಾಯಿಯ ತುಂಡು ಒಸಡಿಗೆ ಚುಚ್ಚದೆ ಮೆತ್ತಗಿರಲಿ. ಹತ್ತು ನಿಮಿಷ ಕಚ್ಚಿಕೊಂಡು ಟಿವಿ ನೋಡಿದರೆ ದವಡೆ ನೋಯುತ್ತದೆಯೋ ಇಲ್ಲವೋ ಮನೆಯಲ್ಲೇ ತಿಳಿಯುತ್ತದೆ. ಬಾಡಿಗೆಯ ಸ್ನಾರ್ಕಲ್ ಊರವರೆಲ್ಲರ ಬಾಯಿಗೆ ಹೋಗಿ ಬಂದದ್ದೆಂಬುದನ್ನು ನೆನೆದರೆ ಸ್ವಂತದ್ದಕ್ಕೆ ದುಡ್ಡು ಬಿಚ್ಚಲು ಮನಸ್ಸು ಬರುತ್ತದೆ.

ಫಿನ್‌ಗಳಲ್ಲಿ ಎರಡು ಬಗೆ: ಚಪ್ಪಲಿಯಂತೆ ಇಡೀ ಪಾದವನ್ನು ಹಿಡಿಯುವಂಥದು, ಹಿಮ್ಮಡಿಗೆ ಪಟ್ಟಿಯಿದ್ದು ಒಳಗೆ ನಿಯೊಪ್ರೀನ್ ಬೂಟು ತೊಡಬೇಕಾದಂಥದು. ಬೆಚ್ಚನೆಯ ನೀರಿಗೆ, ದೋಣಿಯಿಂದ ಇಳಿಯುವವರಿಗೆ ಮೊದಲನೆಯದು ಹಗುರ; ಕಲ್ಲು, ಸಮುದ್ರ ಮುಳ್ಳುಚೆಂಡುಗಳಿರುವ ದಡದಿಂದ ನಡೆದು ಇಳಿಯುವವರಿಗೆ ಎರಡನೆಯದು. ಪಾದ ಒದ್ದೆ ಮಾಡಿಕೊಂಡು ಅಳತೆ ನೋಡಿ. ಬೆರಳು ಮಡಚುವಷ್ಟು ಬಿಗಿಯಿದ್ದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಹಿಮ್ಮಡಿ ಜಾರುವಷ್ಟು ಸಡಿಲವಿದ್ದರೆ ಬೊಕ್ಕೆ ಏಳುತ್ತದೆ. ಚೀಲದಲ್ಲಿ ಹಿಡಿಯುವ ಗಿಡ್ಡ ಫಿನ್ ಪ್ರವಾಸಿಗೆ ಧಾರಾಳ ಸಾಕು. ದೇಶದೊಳಗಿನ ವಿಮಾನದಲ್ಲಿ ಚೆಕ್-ಇನ್ ಸಾಮಾನಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟು ಬೆಂಗಳೂರು ದಾಟಿ ಅಂಡಮಾನ್ ಸೇರುವವರಿಗೆ ಉದ್ದನೆಯ ಫಿನ್ ಹೊರೆಯೇ ಸರಿ. ಹವಳದ ಮೇಲೆ ನಿಲ್ಲುವುದಾಗಲಿ, ಫಿನ್ನಿನಿಂದ ಒದೆಯುವುದಾಗಲಿ ಕೂಡದು. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಬಿದ್ದ ಚೂರನ್ನೂ ಊರಿಗೆ ತರುವಂತಿಲ್ಲ.

ಲೈಫ್ ಜಾಕೆಟ್ ವಿಷಯದಲ್ಲಿ ವಾದ ಬೇಡ. ಎಷ್ಟೇ ಈಜು ಬಲ್ಲವರಾದರೂ ದೋಣಿಯವರು ಕೊಟ್ಟದ್ದನ್ನು ಹಾಕಿಕೊಳ್ಳಿ, ಬಕಲ್ ಮುರಿದಿದ್ದರೆ ಬೇರೆಯದನ್ನು ಕೇಳಿ ಪಡೆಯಿರಿ.

ಊರಲ್ಲೇ ಒಂದು ತಾಲೀಮು

ಕೊಂಡ ಸಾಮಾನನ್ನು ಮೊದಲ ಬಾರಿಗೆ ಸಮುದ್ರದಲ್ಲೇ ಬಿಚ್ಚುವುದು ಸರಿಯಲ್ಲ. ಮನೆಯಲ್ಲಿ ದೊಡ್ಡ ಟಬ್ಬಿನಲ್ಲೋ ಬ್ಯಾರಲ್ಲಿನಲ್ಲೋ ನೀರು ತುಂಬಿ, ಮಾಸ್ಕ್, ಸ್ನಾರ್ಕಲ್ ಹಾಕಿ, ಮುಖವಿಟ್ಟು ಐದು ನಿಮಿಷ ಬಾಯಿಂದ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಮಾಸ್ಕಿನ ಪಟ್ಟಿ ಕಿವಿಯ ಮೇಲ್ಗಡೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂಡಬೇಕು. ಮುಖದ ಮೇಲೆ ಆಳವಾದ ಗುರುತು ಬಿದ್ದರೆ ಪಟ್ಟಿ ಅತಿ ಬಿಗಿಯಾಗಿದೆ ಎಂದರ್ಥ, ಬಿಗಿ ಮಾಡಿದಷ್ಟೂ ಅಂಚು ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ. ಆಮೇಲೆ ಬೆಳಗಾವಿಯ ಗೋವಾವೇಸ್ ಈಜುಕೊಳದಂಥ, ಕಾವಲಿರುವ ಕೊಳದಲ್ಲಿ, ಅಲ್ಲಿಯವರ ಅನುಮತಿ ಪಡೆದು, ಎದೆಮಟ್ಟದ ನೀರಿನಲ್ಲಿ ಎರಡು ಕೆಲಸ ಕಲಿಯಬೇಕು. ಮೊದಲನೆಯದು, ಮಾಸ್ಕಿಗೆ ಬೇಕೆಂದೇ ನೀರು ಬಿಟ್ಟುಕೊಂಡು, ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಗಾಳಿ ಬಿಟ್ಟು ಆ ನೀರನ್ನು ಹೊರಹಾಕುವುದು. ಎರಡನೆಯದು, ಸ್ನಾರ್ಕಲಿನಲ್ಲಿ ತುಂಬಿದ ನೀರನ್ನು ಒಂದೇ ಬಿರುಸಾದ ಊದಿನಿಂದ ಚಿಮ್ಮಿಸುವುದು. ಈ ಎರಡು ಬಂದವರು ಸಮುದ್ರದಲ್ಲಿ ಗಾಬರಿಯಾಗುವುದು ಅಪರೂಪ.

ಆಲಮಟ್ಟಿ ಹಿನ್ನೀರು, ಕೃಷ್ಣೆಯ ಮಡುಗಳು ತಾಲೀಮಿಗೆ ತಕ್ಕ ಜಾಗಗಳಲ್ಲ. ನೀರು ಕದಡಿರುವುದರಿಂದ ಏನೂ ಕಾಣುವುದಿಲ್ಲ ಎಂಬುದು ಒತ್ತಟ್ಟಿಗಿರಲಿ, ಕೃಷ್ಣೆಯಲ್ಲಿ ಮೊಸಳೆಗಳಿವೆ.

ಮರಳಿ ಬಂದ ಮೇಲೆ

ಉಪ್ಪು ಒಣಗುವ ಮೊದಲೇ, ಸಾಧ್ಯವಾದರೆ ಅದೇ ದಿನ ವಸತಿಗೃಹದಲ್ಲೇ, ಎಲ್ಲವನ್ನೂ ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ಬಿಸಿನೀರು, ಬಟ್ಟೆ ಸೋಪಿನ ಪುಡಿ, ವಾಷಿಂಗ್ ಮಶೀನ್ ಯಾವುದೂ ನಿಯೊಪ್ರೀನಿಗೆ ಆಗಿಬರದು. ಸೂಟನ್ನು ಒಳಮೈ ಹೊರಗೆ ಮಾಡಿ, ಅಗಲವಾದ ಹ್ಯಾಂಗರಿಗೆ ಅಥವಾ ದಪ್ಪ ಗಳಕ್ಕೆ ಸೊಂಟದಲ್ಲಿ ಮಡಚಿ ಹಾಕಿ ನೆರಳಿನಲ್ಲಿ ಒಣಗಿಸಿ. ವಿಜಯಪುರದ ಮಾಳಿಗೆಯ ಬಿಸಿಲಿಗೆ ಹರವಿದರೆ ರಬ್ಬರು ಬೇಗ ಪೆಡಸಾಗಿ ಬಿರಿಯುತ್ತದೆ. ನಮ್ಮ ಅನೇಕ ಊರುಗಳ ಕೊಳವೆಬಾವಿ ನೀರು ಗಡಸು. ಅದರಲ್ಲಿ ತೊಳೆದು ಹಾಗೆಯೇ ಬಿಟ್ಟರೆ ಮಾಸ್ಕಿನ ಗಾಜಿನ ಮೇಲೆ, ಸ್ನಾರ್ಕಲಿನ ಕವಾಟದ ತೆಳು ರಬ್ಬರಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಕೊನೆಯ ಜಾಲಾಟಕ್ಕೆ ಒಂದು ತಂಬಿಗೆ ಶುದ್ಧೀಕರಿಸಿದ ಕುಡಿಯುವ ನೀರು ಬಳಸಿದರೆ ಈ ತೊಂದರೆಯಿಲ್ಲ. ಪಾರದರ್ಶಕ ಸಿಲಿಕೋನಿನ ಮಾಸ್ಕನ್ನು ಕಪ್ಪು ರಬ್ಬರಿನ ಫಿನ್‌ಗಳ ಜೊತೆ ಒತ್ತೊತ್ತಾಗಿ ಇಡಬಾರದು, ಕಪ್ಪು ಬಣ್ಣ ಹತ್ತಿ ಮತ್ತೆ ಹೋಗುವುದಿಲ್ಲ. ಅದು ಬಂದ ಗಟ್ಟಿ ಡಬ್ಬಿಯಲ್ಲೇ ಇಟ್ಟರೆ ಅಂಚಿನ ಆಕಾರ ಕೆಡದು. ಮುಂದಿನ ಚಳಿಗಾಲಕ್ಕೆ ತೆಗೆದಾಗ ಪಟ್ಟಿಯನ್ನು ಎಳೆದು ನೋಡಿ, ಸಣ್ಣ ಬಿರುಕು ಕಂಡರೂ ಪಟ್ಟಿಯನ್ನಷ್ಟೇ ಬದಲಿಸಿ. ಮುಖಕ್ಕೆ ಹೊಂದಿದ ಮಾಸ್ಕನ್ನು ಆ ಒಂದು ಕಾರಣಕ್ಕೆ ಎಸೆಯಬೇಕಾಗಿಲ್ಲ.